ಐದು ಹೊರೆ ಜಾಲಿ ಮುಳ್ಳು

ಹೋದ ತಿಂಗಳು ಯಾರದೋ ಗೃಹಪ್ರವೇಶಕ್ಕೆಂದು ದೊಡ್ಡಬಳ್ಳಾಪುರದಿಂದ ಮಾಕಳಿ ಕಡೆಗೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದವನು ನನ್ನ ತಂಗಿಯ ಮಗ ಸತೀಶ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ನಮಗಿಂತ ಮೊದಲೇ ಬಂದು ಗೇಟಿನ ಮುಂದೆ ನಿಂತಿದ್ದದ್ದು ಒಂದು ಕುರಿ ಮಂದೆ. ಹಿಂದಿನ ದಿನ ಅಕಾಲದ ಮಳೆ ಬಿದ್ದು ಕುರಿಗಳ ಮೈ ಇನ್ನೂ ಹಸಿಯಾಗಿತ್ತು. ಒದ್ದೆ ಉಣ್ಣೆ, ಹಿಕ್ಕೆ, ಗಂಜಲ ಮೂರೂ ಬೆರೆತ ವಾಸನೆ ಕಾರಿನೊಳಕ್ಕೆ ನುಗ್ಗಿತು. ಸತೀಶ "ಥೂ" ಅಂತ ಗಾಜು ಏರಿಸಿದ. ನಾನು ನನ್ನ ಕಡೆಯ ಗಾಜು ಪೂರ್ತಿ ಇಳಿಸಿದೆ.

"ಏನ್ ಮಾವ, ಈ ಗಬ್ಬುನೆಲ್ಲಾ ಒಳಗೆ ಬಿಟ್ಕೋತಿದೀರಲ್ಲ?"

"ಸುಮ್ನಿರೋ," ಅಂದೆ. ದನಿ ಸ್ವಲ್ಪ ಜೋರಾಯಿತು. ಅವನ ತಪ್ಪೇನೂ ಇರಲಿಲ್ಲ, ಪಾಪ. ಆದರೆ ಕುರಿಯ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಮೂವತ್ತು ವರ್ಷದ ಹಿಂದಿನ ಸಿಟ್ಟು ಅದು, ಇನ್ನೂ ಇಳಿದಿಲ್ಲ. ಯಾರ ಮೇಲಿನ ಸಿಟ್ಟು ಅಂತ ಕೇಳಿದರೆ ಮೊದಲ ಹೆಸರು ನನ್ನದೇ ಬರೆಯಬೇಕು.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. ಪವರ್‌ಲೂಮಿನ ಸದ್ದಿನಲ್ಲೇ ಹುಟ್ಟಿ, ಅದೇ ಸದ್ದಿನಲ್ಲಿ ಪಾಠ ಓದಿದವನು ನಾನು. ಸೀರೆ ಅಂಚಿನಲ್ಲಿ ಒಂದು ಎಳೆ ತಪ್ಪಿದರೆ ಹತ್ತಡಿ ದೂರದಿಂದ ಹೇಳುತ್ತಿದ್ದೆ. ಹೊನ್ನೆ ಮರಕ್ಕೂ ಬೇವಿನ ಮರಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಅಂಥವನಿಗೆ ತೊಂಬತ್ತರ ದಶಕದ ಮೊದಲಲ್ಲಿ ಫಾರೆಸ್ಟ್ ಗಾರ್ಡ್ ಕೆಲಸ ಸಿಕ್ಕಿತು. "ಸರ್ಕಾರಿ ಕೆಲಸ ಕಣೋ, ಕಾಡಾದ್ರೇನು ಮಸಣ ಆದ್ರೇನು, ಹೋಗು" ಅಂತ ಅಪ್ಪ ಕಳಿಸಿಕೊಟ್ಟರು. ನನ್ನನ್ನು ಹಾಕಿದ್ದು ಮಾಕಳಿ ಕಡೆಯ ಒಂದು ಬೆಟ್ಟದ ಬುಡಕ್ಕೆ. ಹಳ್ಳಿಯ ಹೆಸರು ಬೇಡ, ಅಲ್ಲಿನವರು ಇನ್ನೂ ಇದ್ದಾರೆ. ಒಂದು ಹೆಂಚಿನ ಕ್ವಾರ್ಟರ್ಸು, ಹಿಂದೆ ಒಂದಿಷ್ಟು ಜಾಗ, ಒಂದು ಸೈಕಲ್ಲು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ನನ್ನ ಹೇಡಿತನಕ್ಕೆಲ್ಲ ಮುಂದೆ ಇದನ್ನೇ ನೆಪ ಮಾಡಿಕೊಂಡೆ.

ಬೆಟ್ಟದಲ್ಲಿ ಒಂದು ಹೆಣ್ಣು ಚಿರತೆ ಇತ್ತು. ಊರಿನವರು ಕಿರುಬ ಅನ್ನುತ್ತಿದ್ದರು. ಯಾವ ಕಾಲದಲ್ಲೋ ಹಂದಿಗೆ ಒಡ್ಡಿದ ಉರುಳಿಗೆ ಸಿಕ್ಕಿ ಅದರ ಮುಂಗಾಲಿನ ಒಂದು ಬೆರಳು ಹೋಗಿತ್ತು. ಧೂಳಿನಲ್ಲಿ ಮೂರೇ ಬೆರಳಿನ ಹೆಜ್ಜೆ ಕಂಡರೆ "ಕುಂಟಿ ಹೋಗವ್ಳೆ" ಅಂತ ಹೆಂಗಸರು ಹುಲ್ಲಿನ ಹೊರೆ ಹೊತ್ತು ಅದೇ ದಾರಿಯಲ್ಲಿ ನಡೆದುಕೊಂಡು ಬರುತ್ತಿದ್ದರು. ಅಷ್ಟು ಸದರ. ವರ್ಷಕ್ಕೆ ಒಂದೆರಡು ನಾಯಿ ಒಯ್ದಿದ್ದು ಬಿಟ್ಟರೆ ಊರಿಗೆ ಅದರಿಂದ ಕಾಟವಿರಲಿಲ್ಲ. ಅದಕ್ಕೆ ಊರು ಗೊತ್ತು, ಊರಿಗೆ ಅದು ಗೊತ್ತು.

ಆ ವರ್ಷ ಮಳೆ ಚೆನ್ನಾಗಿತ್ತು. ರಾಗಿ ತೆನೆ ಬಾಗಿ ನಿಂತಿತ್ತು, ಕುಯ್ಲು ತಡವಾಯಿತು. ನಮ್ಮ ಸೀಮೆಯಲ್ಲಿ ರಾಗಿ ಕೊಯ್ದ ಮೇಲೆ ಹೊಲದಲ್ಲಿ ಮಂದೆ ನಿಲ್ಲಿಸುವ ಪದ್ಧತಿಯುಂಟು. ಪಾವಗಡದ ಕಡೆಯಿಂದ ಕುರಿಯವರು ಬರುತ್ತಾರೆ. ಹೊಲದವರು ಅವರನ್ನು ಕರೆದು, ರಾತ್ರಿ ಹೊತ್ತು ಕುರಿಗಳನ್ನು ತಮ್ಮ ಹೊಲದಲ್ಲೇ ಕೂಡಿಸುತ್ತಾರೆ. ಹಿಕ್ಕೆ ಗಂಜಲ ನೆಲಕ್ಕೆ ಇಳಿದರೆ ಮುಂದಿನ ಬೆಳೆಗೆ ಗೊಬ್ಬರವೇ ಬೇಡ. ಪ್ರತಿಯಾಗಿ ಕುರಿಯವರಿಗೆ ರಾಗಿ. ಇವತ್ತು ಈ ಪಟ್ಟಿ, ನಾಳೆ ಪಕ್ಕದ ಪಟ್ಟಿ, ಹೀಗೆ ದಿನಾ ಜಾಗ ಬದಲಾಯಿಸಬೇಕು. ಅದಕ್ಕೇ ಅವರು ಗಟ್ಟಿ ದೊಡ್ಡಿ ಕಟ್ಟುವುದಿಲ್ಲ, ಗೂಟ ಹೊಡೆದು ಸುತ್ತ ಹಗ್ಗದ ಬಲೆ ಎಳೆಯುತ್ತಾರೆ, ಅಷ್ಟೇ.

ಆ ಸಲ ಬಂದವರು ಈರಜ್ಜ ಮತ್ತು ಅವನ ಹೆಂಡತಿ ಹನುಮಕ್ಕ. ಅಜ್ಜನಿಗೆ ಅರವತ್ತು ದಾಟಿತ್ತು. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಮಚ್ಚು, ಮಾತು ಕಡಿಮೆ. ಕರೆಸಿದವರು ಊರಿನ ದೊಡ್ಡ ಜಮೀನುದಾರರಾದ ಪಿಳ್ಳಪ್ಪನವರು. ಅವರ ಕೆಳಗಿನ ಹೊಲಗಳಲ್ಲಿ ರಾಗಿಯ ನಡುನಡುವೆ ಅಕ್ಕಡಿ ಸಾಲಾಗಿ ಬಿತ್ತಿದ್ದ ಅವರೆ ಇನ್ನೂ ನಿಂತಿತ್ತು. ಕುರಿ ನುಗ್ಗಿದರೆ ಅವರೆ ಉಳಿಯುತ್ತದೆಯೇ? ಖಾಲಿ ಇದ್ದದ್ದು ಮೇಲಿನ ಹೊಲ ಒಂದೇ, ಬೆಟ್ಟಕ್ಕೆ ಅಂಟಿಕೊಂಡದ್ದು. ಮಂದೆ ಅಲ್ಲೇ ನಿಲ್ಲಬೇಕು ಅಂದರು.

ಈರಜ್ಜ ಬೆಟ್ಟ ನೋಡಿದ, ನೆಲ ನೋಡಿದ, ಮೂರು ಬೆರಳಿನ ಹೆಜ್ಜೆಯನ್ನೂ ನೋಡಿದ. ಬಲೆಯ ಹೊರಗೆ ಸುತ್ತ ಜಾಲಿ ಮುಳ್ಳು ಕಟ್ಟದೆ ಕುರಿ ಕೂಡುವುದಿಲ್ಲ ಅಂದ. ಪಿಳ್ಳಪ್ಪ ಕೆರಳಿದರಂತೆ. "ಮುಳ್ಳಾ? ಉಳೋ ಹೊಲಕ್ಕಾ? ನಾಳೆ ಎತ್ತಿನ ಗೊರಸಿಗೆ ಹೊಕ್ರೆ ನೀನ್ ಬಂದು ನೊಗಕ್ಕೆ ಕತ್ತು ಕೊಡ್ತೀಯಾ?" ಅವರ ಮಾತೂ ಸುಳ್ಳಲ್ಲ. ಜಾಲಿ ಮುಳ್ಳು ಒಂದು ಸಲ ಉಳುಮೆ ಮಣ್ಣಿಗೆ ಸೇರಿದರೆ ಎತ್ತಿಗೂ ಕಷ್ಟ, ಬರಿಗಾಲಲ್ಲಿ ಕಳೆ ಕೀಳುವ ಹೆಂಗಸರಿಗೂ ಕಷ್ಟ. ಕೊನೆಗೆ ಹನುಮಕ್ಕ ಮುಂದೆ ಬಂದು, "ಅಣ್ಣಾ, ಸಂಜೆ ಕಟ್ತೀವಿ, ಬೆಳಿಗ್ಗೆ ಎತ್ತುತೀವಿ. ನೆಲಾನೆಲ್ಲ ನಾನೇ ಕೈಯಲ್ಲಿ ತಡವಿ ಆಯ್ತೀನಿ. ಒಂದ್ ಮುಳ್ಳು ಸಿಕ್ರೆ ಒಂದ್ ಕುರಿ ನಿಮ್ದು" ಅಂದಳಂತೆ. ಪಿಳ್ಳಪ್ಪ ಒಪ್ಪಿಕೊಂಡರು. ಇದನ್ನೆಲ್ಲ ಅವರೇ ನನಗೆ ಆಮೇಲೆ ಹೇಳಿದ್ದು.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಆ ಪೂಜಾರಿ ನಾನು.

ಅದರ ಮಾರನೆಯ ಮಧ್ಯಾಹ್ನ ನಾನು ಬೀಟ್ ಸುತ್ತುತ್ತಿದ್ದೆ. ಮೇಲಿನ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿಯಿತ್ತು, ಹಾಗಾಗಿ ಯೂನಿಫಾರಂ ಇಸ್ತ್ರಿ ಗಟ್ಟಿಯಾಗಿತ್ತು, ತಲೆಯೂ ಅಷ್ಟೇ ಗಟ್ಟಿಯಾಗಿತ್ತು. ನೀಲಗಿರಿ ಪ್ಲಾಂಟೇಶನ್ನಿನ ಅಂಚಿನಲ್ಲಿ ಇಲಾಖೆಯವರೇ ಕಾವಲಿಗೆಂದು ಬಿತ್ತಿದ್ದ ಜಾಲಿ ಹಬ್ಬಿತ್ತು. ಅಲ್ಲಿ ಅಜ್ಜ ಕಡಿಯುತ್ತಿದ್ದ, ಹನುಮಕ್ಕ ಹೊರೆ ಕಟ್ಟುತ್ತಿದ್ದಳು. ಐದು ಹೊರೆ ಆಗಿತ್ತು.

"ಯಾರನ್ನ ಕೇಳಿ ಕಡಿದೆ?"

"ಜಾಲಿಗೆ ಯಾರನ್ ಕೇಳ್ಬೇಕು ಸ್ವಾಮಿ? ಕಡಿದಷ್ಟೂ ಚಿಗುರ್ತದೆ."

"ರಿಸರ್ವ್ ಫಾರೆಸ್ಟು ಇದು. ಒಣಗಿದ ಕಡ್ಡಿ ಎತ್ತಿದ್ರೂ ಕೇಸೇ."

ಅಜ್ಜ ಮಚ್ಚು ಕೆಳಗಿಟ್ಟು ಕೈ ಮುಗಿದ. "ಬೆಟ್ಟದಾಗೆ ಕಿರುಬ ಅದೆ ಸ್ವಾಮಿ. ಎರಡು ದಿನದಿಂದ ನಾಯಿಗಳು ಅತ್ತ ಮಕ ಮಾಡಿ ಬೊಗುಳ್ತಾವೆ. ಬರೀ ಬಲೆ ಆದ್ರೆ ಒಳಕ್ಕೆ ಬತ್ತದೆ. ಮುಳ್ಳಿದ್ರೆ ಒಂದ್ ಸುತ್ತು ಸುತ್ತಿ ಅದರ ಪಾಡಿಗೆ ಅದು ಹೋಯ್ತದೆ. ನಿಮ್ ಕಿರುಬನೂ ಉಳೀತದೆ, ನಮ್ ಕುರಿನೂ ಉಳೀತಾವೆ."

ಚಿರತೆ ಉಳಿಸುವುದು ಹೇಗೆ ಅಂತ ದೊಡ್ಡ ದೊಡ್ಡವರು ಸಭೆ ಸೇರಿ ಮಾತಾಡುವುದನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಅಜ್ಜ ಅಂದು ಹೇಳಿದ್ದಕ್ಕಿಂತ ಹೆಚ್ಚಿನದೇನನ್ನೂ ಅವರು ಹೇಳಲಿಲ್ಲ. ಆದರೆ ನಾನು ಮಾಡಿದ್ದೇನು? "ನಂಗೇ ಕಾಡು ಕಾಯೋದು ಹೇಳ್ಕೊಡ್ತೀಯಾ?" ಅಂತ ಅಪ್ಪನಿಗಿಂತ ಹಿರಿಯನನ್ನು ಏಕವಚನದಲ್ಲಿ ಗದರಿಸಿದೆ. ಮಹಜರು ಬರೆದೆ, ಅಜ್ಜನ ಹೆಬ್ಬೆಟ್ಟು ಒತ್ತಿಸಿಕೊಂಡೆ. ಮಚ್ಚು ಮತ್ತು ಐದು ಹೊರೆ ಮುಳ್ಳು ಜಪ್ತಿ. ಅದನ್ನು ಹೊತ್ತು ತಂದು ನನ್ನ ಕ್ವಾರ್ಟರ್ಸಿನ ಹಿಂದೆ ಹಾಕಿದವರೂ ಅವರಿಬ್ಬರೇ. ಹನುಮಕ್ಕನ ಮುಂಗೈ ಗೀರಿ ರಕ್ತ ಬರುತ್ತಿದ್ದದ್ದು ಕಾಣಿಸಿತು. ಕಂಡೂ ಸುಮ್ಮನಿದ್ದೆ. ಅವರಿಗೆ ಬೇರೆ ಜಾಗವಿರಲಿಲ್ಲ, ಬರೀ ಬಲೆ ಎಳೆದು ಮೇಲಿನ ಹೊಲದಲ್ಲೇ ಕುರಿ ಕೂಡಿದರು.

ಅದಾದ ಎರಡನೆಯ ಬೆಳಿಗ್ಗೆ ಪಿಳ್ಳಪ್ಪನ ಮನೆಯ ಆಳು ಓಡಿ ಬಂದ. ನಾನು ಹೋಗುವಷ್ಟರಲ್ಲಿ ಊರೇ ಮೇಲಿನ ಹೊಲದಲ್ಲಿತ್ತು. ಬಲೆ ಒಂದು ಮೂಲೆಯಲ್ಲಿ ಕುಸಿದಿತ್ತು. ಹನ್ನೊಂದು ಕುರಿ ಸತ್ತು ಬಿದ್ದಿದ್ದವು, ಒಂದನ್ನು ಮಾತ್ರ ಒಯ್ದಿತ್ತು. ಕಟ್ಟಿಹಾಕಿದಂತಿರುವ ಕುರಿಗಳು ಗಾಬರಿಯಿಂದ ಒಂದರ ಮೇಲೊಂದು ಬಿದ್ದು ಒದ್ದಾಡಿದರೆ ಚಿರತೆ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಮಂಜಿನಲ್ಲಿ ನೆನೆದ ಉಣ್ಣೆ, ರಕ್ತ, ಗಂಜಲದ ವಾಸನೆ. ಹನುಮಕ್ಕ ಒಂದು ಸತ್ತ ಕುರಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳು ಅಳುತ್ತಿರಲಿಲ್ಲ, ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡಳು.

"ಬೋನು ಇಡಿಸಿ," ಅಂದರು ಪಿಳ್ಳಪ್ಪ. "ಇವತ್ತು ಕುರಿ, ನಾಳೆ ಮಕ್ಕಳು. ಏನಪ್ಪಾ ಗಾರ್ಡು, ನಿನ್ ಕೈಲಾಗಲ್ಲ ಅಂದ್ರೆ ಹೇಳು, ಮಾಡ್ಸೋರ ಕೈಲಿ ಮಾಡಿಸ್ತೀನಿ." ಊರೆಲ್ಲ ಅದನ್ನೇ ಕೂಗಿತು. ಈರಜ್ಜ ಮಾತ್ರ ಕೂಗಲಿಲ್ಲ. ಜನ ಚದುರಿದ ಮೇಲೆ ಹತ್ತಿರ ಬಂದು, "ಬೋನು ಗೀನು ಬ್ಯಾಡ ಸ್ವಾಮಿ. ನನ್ ಮುಳ್ಳು ಕೊಟ್ಬಿಡಿ, ಸಾಕು. ದಾರಿ ಇತ್ತು, ಬಂತು. ದಾರಿ ಇಲ್ದಿದ್ರೆ ಬರಲ್ಲ" ಅಂದ.

ಆಗ ನನಗೆ ನಿಜವಾಗಿಯೂ ಎಚ್ಚರವಾಯಿತು. ಸೈಕಲ್ ಹತ್ತಿ ರೇಂಜರ್ ಸಾಹೇಬರ ಆಫೀಸಿಗೆ ಹೋದೆ. ಮುಳ್ಳು ಬಿಡಿಸಿಕೊಡಿ ಸಾರ್ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಮಹಜರು ಬರೆದಿದೀಯ. ಮುದ್ದೆಮಾಲು ಅದು. ಕೇಸು ಮುಗಿಯೋವರೆಗೂ ಒಂದು ಕಡ್ಡಿ ಅಲ್ಲಾಡೋ ಹಾಗಿಲ್ಲ. ಯಾರಪ್ಪ ನಿಂಗೆ ಮುಳ್ಳಿಗೆ ಮಹಜರು ಬರಿ ಅಂತ ಹೇಳಿದ್ದು?" ಹೊಸದಾಗಿ ಕಡಿಯಲು ಅನುಮತಿ ಕೊಡಿ ಅಂದೆ. ಅದಕ್ಕೆ ಮೇಲಿನಿಂದ ಬರಬೇಕಂತೆ. ಅರ್ಜಿ ಬರೆದೆ. ಮರುದಿನ ಇನ್ನೊಂದು ಬರೆದೆ. ಅದರ ಮರುದಿನ ಮೂರನೆಯದು. ಬೇಲಿ ಎದ್ದು ಹೊಲ ಮೇಯ್ತು ಅನ್ನೋ ಗಾದೆ ಕೇಳಿದ್ದೆ. ನಮ್ಮಲ್ಲಿ ಬೇಲಿ ಕಟ್ಟಲು ಹೋದವನ ಮೇಲೇ ಕೇಸು.

ಇನ್ನು ಬೋನಿನ ಕಥೆ ಕೇಳಿ. ಪಿಳ್ಳಪ್ಪ ಯಾರ ಕಿವಿಯಲ್ಲಿ ಏನು ಊದಿದರೋ, ಎರಡೇ ದಿನದಲ್ಲಿ ಲಾರಿ ಮೇಲೆ ಕಬ್ಬಿಣದ ಬೋನು ಬಂದಿಳಿಯಿತು. ಅದಕ್ಕೆ ಅರ್ಜಿಯಿಲ್ಲ, ಮಹಜರಿಲ್ಲ, ಮೇಲಿನವರ ಅನುಮತಿಗೆ ಕಾಯುವುದಿಲ್ಲ. ಐದು ಹೊರೆ ಮುಳ್ಳು ಬಿಡಿಸಲಾಗದ ಸರ್ಕಾರಕ್ಕೆ ಒಂದು ಟನ್ನಿನ ಬೋನು ಸಲೀಸಾಗಿ ಸಿಕ್ಕಿತು!

ನಾನು ಕದ್ದಾದರೂ ಕೊಡಬಹುದಿತ್ತು. ಮುಳ್ಳು ನನ್ನ ಹಿತ್ತಲಲ್ಲೇ ಬಿದ್ದಿತ್ತು. ಸಂಜೆ ಹೊತ್ತು ಅಜ್ಜನಿಗೆ ಸನ್ನೆ ಮಾಡಿದ್ದರೆ ಆಗಿಹೋಗುತ್ತಿತ್ತು. ಮಾಡಲಿಲ್ಲ. ಕೆಲಸ ಖಾಯಂ ಆಗಿರಲಿಲ್ಲವಲ್ಲ! ಆ ದಿನಗಳಲ್ಲಿ ನಾನು ಮಾಡಿದ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಹಿತ್ತಲಲ್ಲಿ ಅವರೆ, ಬದನೆ ಹಾಕಿದ್ದೆ. ಊರ ಮೇಕೆಗಳು ನುಗ್ಗುತ್ತಿದ್ದವು. ಹೇಗೂ ಬಿದ್ದಿದೆಯಲ್ಲ ಅಂತ ಆ ಜಪ್ತಿ ಮುಳ್ಳನ್ನೇ ಸುತ್ತ ಜೋಡಿಸಿದ್ದೆ. ಮುದ್ದೆಮಾಲು ಎಲ್ಲಿಗೂ ಹೋಗಿಲ್ಲ, ನನ್ನ ಸುಪರ್ದಿಯಲ್ಲೇ ಇದೆ ಎಂಬ ಸಮಾಧಾನ ಬೇರೆ.

ಬೋನು ಇಟ್ಟ ಮೂರನೆಯ ಬೆಳಿಗ್ಗೆ ಕುಂಟಿ ಅದಕ್ಕೆ ಬಿತ್ತು. ಸುದ್ದಿ ಹಬ್ಬಿ ಅಕ್ಕಪಕ್ಕದ ಊರಿನವರೂ ಟ್ರ್ಯಾಕ್ಟರಿನಲ್ಲಿ ಬಂದರು. ಕಲ್ಲು ಹೊಡೆದರು, ಕೋಲು ತೂರಿಸಿ ತಿವಿದರು. ಅದು ಸರಳು ಕಚ್ಚಿ ಕಚ್ಚಿ ಒಂದು ಕೋರೆಹಲ್ಲು ಮುರಿದುಕೊಂಡಿತು. ನಾನು ಲಾಠಿ ಎತ್ತಿ "ದೂರ ಹೋಗ್ರೋ" ಅಂತ ಕಿರುಚಿದೆ. ಪಿಳ್ಳಪ್ಪ ನನ್ನ ಕೈ ಹಿಡಿದರು. "ಏನಪ್ಪಾ, ಕಿರುಬಕ್ಕೋಸ್ಕರ ಜನಕ್ಕೆ ಹೊಡೀತೀಯಾ?"

ಎಲ್ಲರ ಹಿಂದೆ ನಿಂತಿದ್ದ ಈರಜ್ಜ ಒಂದು ಸಲ ಮುಂದೆ ಬಂದು ಬಗ್ಗಿ ನೋಡಿದ. ಜೀವಮಾನವಿಡೀ ಕುರಿಯ ಹೊಟ್ಟೆ ನೋಡಿಯೇ ಎಲ್ಲ ಹೇಳುವವನು. "ಹಾಲು ಕಟ್ಕಂಡದೆ ಸ್ವಾಮಿ. ಮರಿ ಅವೆ ಬೆಟ್ಟದಾಗೆ," ಅಂದ.

ನೋಡಿದೆ. ನಿಜ, ಮೊಲೆಗಳು ಹಾಲು ತುಂಬಿ ಬಿಗಿದಿದ್ದವು. ಓಡಿಹೋಗಿ, ಜೀಪಿನಲ್ಲಿ ಬಂದಿದ್ದ ರೇಂಜರ್ ಸಾಹೇಬರಿಗೆ ಹೇಳಿದೆ. ಅವರು ನನ್ನನ್ನು ಜೀಪಿನ ಹಿಂದಕ್ಕೆ ಕರೆದೊಯ್ದರು. "ನಂಗೂ ಕಾಣಿಸ್ತು. ಈಗ ಈ ಜನದ ಮುಂದೆ ಬೋನಿನ ಬಾಗಿಲು ತೆಗೆದು ವಾಪಸ್ ಬಿಡ್ತೀಯಾ? ನಿನ್ನನ್ನೂ ಉಳಿಸಲ್ಲ, ನನ್ನನ್ನೂ ಉಳಿಸಲ್ಲ. ರಿಪೋರ್ಟಿನಲ್ಲಿ ಅದನ್ನ ಬರೀಬೇಡ." ಅವರ ದನಿಯೂ ಸರಿಯಾಗಿರಲಿಲ್ಲ. ಲಾರಿ ಹೊರಟಿತು. ದೂರದ ಕಾಡಿಗೆ ಬಿಟ್ಟರು ಅಂತ ಹೇಳಿದರು. ಗೊತ್ತಿಲ್ಲದ ಕಾಡಿನಲ್ಲಿ, ಮುರಿದ ಹಲ್ಲು, ಕುಂಟು ಕಾಲು ಇಟ್ಟುಕೊಂಡು ಅದು ಎಷ್ಟು ದಿನ ಬದುಕಿತೋ! ನಾನು ರಿಪೋರ್ಟಿನಲ್ಲಿ ಹಾಲಿನ ವಿಷಯ ಬರೆಯಲಿಲ್ಲ.

ಆ ಮಧ್ಯಾಹ್ನವೇ ಬೆಟ್ಟ ಹತ್ತಿದೆ. ಹತ್ತು ಹೆಜ್ಜೆ ಹಿಂದೆ ಯಾರೋ ಬರುತ್ತಿದ್ದಾರೆ ಅಂತ ತಿರುಗಿದರೆ ಈರಜ್ಜ. ಕುರಿಗಳನ್ನು ಹೆಂಡತಿಗೆ ಒಪ್ಪಿಸಿ ಬಂದಿದ್ದ. "ನಿಮಗೆ ಗೊತ್ತಾಗಲ್ಲ ಬನ್ನಿ," ಅಂದ. ಹನ್ನೆರಡು ಕುರಿ ಕಳೆದುಕೊಂಡವನು ಅವನು! ಮೂರು ದಿನ ಬಂಡೆ ಬಂಡೆ ಹುಡುಕಿದೆವು. ಮೇಲೆ ಬಂಡೆಯ ತಗ್ಗಿನ ದೊಣೆಯಲ್ಲಿ ಮಳೆ ನೀರು ಇನ್ನೂ ನಿಂತಿತ್ತು. ಅದರ ದಂಡೆಯ ಕೆಸರಲ್ಲಿ ನನ್ನ ಹೆಬ್ಬೆರಳಿನಷ್ಟು ಸಣ್ಣ ಹೆಜ್ಜೆಗಳು, ಎರಡು ಮರಿಯದ್ದು. ಅಜ್ಜ ತನ್ನ ಮಂದೆಯ ಮೇಕೆಯ ಹಾಲು ಕರೆದು ತಂದು ತೆಂಗಿನ ಕರಟದಲ್ಲಿ ಇಟ್ಟ. "ಕುಡಿಯುತ್ತಾ ಅಜ್ಜಾ?" ಅಂದೆ. "ಗೊತ್ತಿಲ್ಲ. ಇಕ್ಕೋದು ಇಕ್ಕಾಣ," ಅಂದ. ಎರಡನೆಯ ದಿನವೂ ಹೊಸ ಹೆಜ್ಜೆ ಇತ್ತು, ಕರಟಕ್ಕೆ ಇರುವೆ ಮುತ್ತಿತ್ತು. ಮೂರನೆಯ ದಿನ ಹೆಜ್ಜೆ ಇರಲಿಲ್ಲ. ದೊಣೆಯ ಪಕ್ಕ ಕೂತು ನಾನು ಅತ್ತುಬಿಟ್ಟೆ. ಅಜ್ಜ ಸಮಾಧಾನ ಮಾಡಲಿಲ್ಲ, ಎಲೆಅಡಿಕೆ ಹಾಕಿಕೊಂಡು ಬಿಸಿಲು ನೋಡುತ್ತಾ ಕೂತಿದ್ದ.

ವಾರ ಕಳೆದು ಅವರು ಮಂದೆ ಎಬ್ಬಿಸಿದರು. ಹೋಗುವ ಮುಂಚೆ ಅಜ್ಜ ಮಚ್ಚು ಕೇಳಲು ಕ್ವಾರ್ಟರ್ಸಿಗೆ ಬಂದ. ಮಚ್ಚಂತೂ ಆಫೀಸಿನ ಬೀರುವಿನಲ್ಲಿ ಸೀಲಾಗಿ ಕೂತಿತ್ತು. ಅದನ್ನು ಹೇಳಬೇಕೆಂದು ತಿರುಗಿದೆ. ಅಜ್ಜ ನನ್ನ ಹಿತ್ತಲು ನೋಡುತ್ತಿದ್ದ. ಅವನು ಕಡಿದ ಮುಳ್ಳು, ಹನುಮಕ್ಕ ಕಟ್ಟಿದ ಹೊರೆ, ಅದರ ನಡುವೆ ಹೂ ಬಿಟ್ಟ ನನ್ನ ಅವರೆ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಬೈದಿದ್ದರೆ ಎಷ್ಟೋ ಮೇಲಿತ್ತು. ಅವನು ಹತ್ತಿರ ಹೋಗಿ ಒಂದು ಕಡೆ ಕೈಯಿಂದ ಅಲ್ಲಾಡಿಸಿ ನೋಡಿದ. "ಇಲ್ಲಿ ಸಡಿಲ ಅದೆ ಸ್ವಾಮಿ. ಬುಡ ಒಳಕ್ಕಿರ್ಬೇಕು, ತುದಿ ಹೊರಕ್ಕೆ," ಅಂತ ಅಷ್ಟು ದೂರವನ್ನೂ ಬಿಚ್ಚಿ, ತಿರುಗಿಸಿ, ಮೆಟ್ಟಿ, ಕೂರಿಸಿ ಕೊಟ್ಟ. ಆಮೇಲೆ ಕೈ ಒರೆಸಿಕೊಂಡು, "ಈಗ ಯಾವ್ದೂ ಬರಲ್ಲ ಬಿಡಿ," ಅಂದ. ಮಚ್ಚಿನ ಮಾತು ಎತ್ತದೆ ಹೊರಟುಹೋದ. ಆ ವರ್ಷ ಆ ಅವರೆಕಾಯಿ ನಾನು ಕೀಳಲಿಲ್ಲ.

ಕುಂಟಿ ಹೋದ ಮೇಲೆ ಊರು ನೆಮ್ಮದಿಯಾಗಿ ಮಲಗಿತೇ? ಇಲ್ಲ. ಜಾಗ ಖಾಲಿಯಾದದ್ದು ಬೇರೆ ಚಿರತೆಗಳಿಗೆ ಹೇಗೆ ತಿಳಿಯಿತೋ, ಯುಗಾದಿಯ ಹೊತ್ತಿಗೆ ಎರಡು ಬಂದವು. ಎರಡೂ ಪ್ರಾಯದವು, ಊರಿನ ಗುರುತಿಲ್ಲದವು. ಹಟ್ಟಿಯೊಳಗಿನ ನಾಯಿ ಒಯ್ದವು, ಪಿಳ್ಳಪ್ಪನ ಕೊಟ್ಟಿಗೆಗೇ ನುಗ್ಗಿ ಕರು ಎಳೆದವು. "ಆ ಕುಂಟಿನೇ ವಾಸಿಯಾಗಿದ್ಲು ಕಣಪ್ಪಾ," ಅಂದರು ಪಿಳ್ಳಪ್ಪ. ಮತ್ತೆ ಬೋನು ಬೇಕೆಂದರು, ಮತ್ತೆ ಬೋನು ಬಂತು. ಒಂದು ಬಿತ್ತು. ಇನ್ನೊಂದಕ್ಕೆ ಯಾರೋ ಸತ್ತ ಕರುವಿಗೆ ವಿಷ ಬೆರೆಸಿಟ್ಟರು. ಯಾರೆಂದು ಊರಿಗೆಲ್ಲ ಗೊತ್ತಿತ್ತು, ಸಾಕ್ಷಿಗೆ ಒಬ್ಬರೂ ಬರಲಿಲ್ಲ.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ವರ್ಷವಾದ ಮೇಲೆ ನನ್ನ ಮೂರೂ ಅರ್ಜಿಗೆ ಸೇರಿಸಿ ಒಂದೇ ಉತ್ತರ ಬಂತು. ಜಪ್ತಿ ಮಾಡಿದ ಮುಳ್ಳನ್ನು ವಾರಸುದಾರನಿಗೆ ಹಿಂದಿರುಗಿಸಿ ರಸೀದಿ ಪಡೆಯತಕ್ಕದ್ದು. ಅಷ್ಟು ಹೊತ್ತಿಗೆ ಗೆದ್ದಲು ಹಿಡಿದು ಮುಳ್ಳೆಲ್ಲ ಪುಡಿಯಾಗಿತ್ತು. ಈರಜ್ಜ ಮತ್ತೆ ಆ ಕಡೆ ಬರಲಿಲ್ಲ. ನನ್ನ ಕೆಲಸ ಖಾಯಂ ಆಯಿತು.

ಗೇಟಿನ ಆಚೆ ರೈಲಿನ ಸುಳಿವೇ ಇರಲಿಲ್ಲ. ಕಾರಿನಿಂದ ಇಳಿದು ಕುರಿಗಳ ಮಧ್ಯೆ ನಡೆದೆ. ಮಂದೆಯವನು ನಲವತ್ತರ ಆಸುಪಾಸಿನವನು, ಕಿವಿಯಲ್ಲಿ ಮೊಬೈಲಿನ ವೈರು. ಯಾವ ಕಡೆಯವರಪ್ಪಾ ಅಂದೆ.

"ಪಾವಗಡದ ಕಡೆ ಸಾರ್."

"ಇವತ್ತು ಎಲ್ಲಿ ಕೂಡ್ತೀರಿ?"

ಗಲ್ಲ ಎತ್ತಿ ಬೆಟ್ಟದ ಕಡೆ ತೋರಿಸಿದ. "ಆ ಬುಡದಾಗೆ ಒಬ್ರು ಹೊಲ ಕೊಟ್ಟವ್ರೆ. ಆ ಕಡೆ ಕಿರುಬ ಅದೆ ಅಂತಾರೆ, ಅದೇ ಯೋಚ್ನೆ."

"ಮುಳ್ಳು ಕಟ್ಟೋದು ತಾನೇ ಸುತ್ತ?" ಅಂದೆ.

"ಎಲ್ಲಿಂದ ತರೋದು ಸಾರ್? ಇರೋ ಜಾಲಿಯೆಲ್ಲ ಫಾರೆಸ್ಟ್‌ನೋರ ತಾವೇ. ಕಡಿದ್ರೆ ಕೇಸ್ ಹಾಕ್ತಾರೆ." ಅವನು ವೈರು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾಕ್ ಸಾರ್, ನೀವು ಫಾರೆಸ್ಟ್‌ನೋರಾ?"

ಗೇಟು ಏಳತೊಡಗಿತು. ಹಿಂದೆ ಸತೀಶ ಹಾರ್ನ್ ಮಾಡಿದ.

"ಇಲ್ಲಪ್ಪ," ಅಂದೆ. "ನಾವು ಮಗ್ಗದೋರು."